ನೀರು ಬಂದ ಮೇಲಿನ ಶುಕ್ರವಾರಗಳು

ದೋರನಹಳ್ಳಿಯ ಕ್ರೈಸ್ತರ ಓಣಿಯಲ್ಲಿ ಆಗ ಶುಕ್ರವಾರ ಬೆಳಿಗ್ಗೆ ಯಾರ ಮನೆಯಲ್ಲೂ ಒಲೆ ಹೊತ್ತುತ್ತಿರಲಿಲ್ಲ. ಲಾಲಮ್ಮ ತಲೆಯ ಮೇಲೆ ಸೆರಗು ಹೊದ್ದು ಬಾಗಿಲು ಬಾಗಿಲಿಗೆ ಹೋಗಿ, "ಬರ್ರೆವ್ವಾ, ಉಪವಾಸಕ್ಕ ಹೊತ್ತಾತು" ಎಂದು ಕರೆಯುತ್ತಿದ್ದಳು. ಮೂವತ್ತು ಮನೆಗಳ ಸಭೆ ಅದು. ಪಾಸ್ಟರ್ ಅಯ್ಯನವರು ಶಹಾಪುರದಿಂದ ತಿಂಗಳಿಗೆ ಎರಡು ಸಲ ಸೈಕಲ್ ಮೇಲೆ ಬರುವರು. ಉಳಿದ ವಾರಗಳಲ್ಲಿ ಚರ್ಚಿನ ಕಸ ಹೊಡೆಯುವುದರಿಂದ ಹಿಡಿದು ಪ್ರಾರ್ಥನೆ ನಡೆಸುವವರೆಗೆ ಎಲ್ಲವೂ ಲಾಲಮ್ಮನದೇ. ಅಕ್ಷರ ಮಾತ್ರ ಬಾರದು. ವಾಕ್ಯ ಓದುವುದಕ್ಕೆ, ಹಾಡು ಎತ್ತಿಕೊಡುವುದಕ್ಕೆ ಪಕ್ಕದ ಮನೆಯ ಮೋನಮ್ಮ ಇದ್ದಳು. ಇಬ್ಬರೂ ಒಂದೇ ವರ್ಷ ಆ ಓಣಿಗೆ ಸೊಸೆಯಾಗಿ ಬಂದವರು. ಲಾಲಮ್ಮನ ಗಂಡ ಬೇಗ ತೀರಿಕೊಂಡ, ಮಕ್ಕಳಾಗಲಿಲ್ಲ. ಶುಕ್ರವಾರದ ಆ ಗುಂಪೇ ಅವಳ ಮನೆಮಂದಿ.

ಅವರು ಬೇಡುತ್ತಿದ್ದುದು ನೀರನ್ನು. ಊರ ಪಕ್ಕದಲ್ಲಿ ಕಾಲುವೆ ತೋಡಿ ವರ್ಷಗಳೇ ಆಗಿದ್ದವು. ಒಳಗೆ ಕುರಿ ಮೇಯುತ್ತಿದ್ದವು, ಅಷ್ಟೇ. ದಸರೆ ಮುಗಿದರೆ ಅರ್ಧ ಓಣಿ ದುಡಿಯಲು ಮುಂಬೈಗೆ ಹೋಗುತ್ತಿತ್ತು. ಉಳಿದವರು ಚರ್ಚಿನ ನೆಲದ ಮೇಲೆ ಒತ್ತಿ ಕೂತು, ಮುಂಬೈಗೆ ಹೋದವರ ಹೆಸರನ್ನು ಒಂದೊಂದಾಗಿ ಹೇಳಿ, ಕೊನೆಗೆ ಕಾಲುವೆಯ ಹೆಸರು ಹೇಳಿ ಪ್ರಾರ್ಥಿಸುತ್ತಿದ್ದರು. ಮೂರು ಗಂಟೆಗೆ ಉಪವಾಸ ಬಿಡುವಾಗ ಲಾಲಮ್ಮ ಜೋಳದ ನುಚ್ಚು ಕುದಿಸಿ ಮಜ್ಜಿಗೆ ಹಾಕಿ ಎಲ್ಲರಿಗೂ ಬಡಿಸುತ್ತಿದ್ದಳು. ಹಸಿದ ಹೊಟ್ಟೆಯಲ್ಲಿ ಅಷ್ಟು ಜನ ಒಂದೇ ದನಿಯಲ್ಲಿ ಹಾಡಿದರೆ ಹೆಂಚು ಅದುರುತ್ತದೆ ಎಂದು ಅವಳಿಗೆ ಅನಿಸುತ್ತಿತ್ತು.

ಹಾಗೆ ಬೇಡತೊಡಗಿದ ನಾಲ್ಕನೆಯ ವರ್ಷ ನೀರು ಬಂತು. ಕೆಂಪಗೆ, ಕಸಕಡ್ಡಿ ತಳ್ಳಿಕೊಂಡು ಬಂತು. ಇಡೀ ಸಭೆ ದಂಡೆಗೆ ಓಡಿತು. ಮೋನಮ್ಮ ಸೀರೆ ಸಮೇತ ಮೊಣಕಾಲುದ್ದ ಇಳಿದು, "ಲಾಲಕ್ಕಾ, ದೇವ್ರು ಕೇಳ್ಯಾನ ನೋಡು!" ಎಂದು ಕೂಗಿದಳು. ಲಾಲಮ್ಮ ದಂಡೆಯ ಮೇಲೆ ಕೂತು ಅತ್ತಳು.

ಎರಡು ವರ್ಷದೊಳಗೆ ಎರೆಹೊಲಗಳು ಭತ್ತದ ಗದ್ದೆಯಾದವು. ಮುಂಬೈಗೆ ಹೋಗುವುದು ನಿಂತಿತು. ನಾಟಿಗೆ ಹೆಂಗಸರ ಗುಂಪು ಬೇಕು. ಮೋನಮ್ಮನೇ ಗುಂಪು ಕಟ್ಟಿದಳು. ಕಾಲುವೆಯ ನೀರಿಗೆ ಸರದಿ ಇತ್ತು, ಸಸಿಗೆ ವಯಸ್ಸಿತ್ತು. ಶುಕ್ರವಾರವೆಂದು ಯಾವುದೂ ಕಾಯುತ್ತಿರಲಿಲ್ಲ. ಮೊದಲು ಹತ್ತು ಜನ ಕಡಿಮೆಯಾದರು, ಆಮೇಲೆ ಇಪ್ಪತ್ತು. ಒಂದು ಶುಕ್ರವಾರ ಲಾಲಮ್ಮ ಓಣಿಯೆಲ್ಲ ತಿರುಗಿ ಕರೆದು ಬಂದು ಕೂತರೆ, ಮೂರು ಗಂಟೆಯವರೆಗೆ ಒಬ್ಬರೂ ಬರಲಿಲ್ಲ. ಅವಳು ಒಬ್ಬಳೇ ಹಾಡು ಎತ್ತಿದಳು. ಎರಡನೆಯ ಸಾಲು ಯಾವಾಗಲೂ ಮೋನಮ್ಮ ಹಿಡಿಯುತ್ತಿದ್ದಳು. ಅಲ್ಲಿಗೆ ಬಂದು ಲಾಲಮ್ಮನ ದನಿ ನಿಂತುಬಿಟ್ಟಿತು.

ಸಂಜೆ ಕೆಸರುಗಾಲಲ್ಲಿ ಬಂದ ಮೋನಮ್ಮನನ್ನು ಅವಳು ಬಾಗಿಲಲ್ಲೇ ತಡೆದಳು.

"ನೀರು ಸಿಕ್ಕಿತಲ್ಲ, ಇನ್ನ ದೇವ್ರು ಬ್ಯಾಡ ಏನವಾ ನಿಮಗ? ಹೊಟ್ಟಿನೇ ದೇವ್ರಾತೇನು?"

ಮೋನಮ್ಮ ಕೈಯಲ್ಲಿದ್ದ ಬುತ್ತಿಗಂಟು ಕೆಳಗಿಟ್ಟಳು. "ಲಾಲಕ್ಕಾ, ಸಿಟ್ಟಿಗೇಳಬ್ಯಾಡ. ಅವಾಗ ಶುಕ್ರವಾರ ಉಪವಾಸ ಮಾಡತಿದ್ವಿ ಖರೆ. ಮಂಗಳವಾರ ಏನು ಉಣ್ಣತಿದ್ವಿ, ನೆನಪದ ಏನು? ನನ್ನ ಮಕ್ಕಳು ಮೂರು ಹೊತ್ತು ಉಣ್ಣಾಕತ್ತಿ ಎರಡು ವರ್ಷ ಆತು. ಅದನ್ನ ಎಷ್ಟು ನೋಡಿದರೂ ನನಗ ಇನ್ನೂ ಹೊಟ್ಟಿ ತುಂಬಿಲ್ಲ."

ಲಾಲಮ್ಮ ತನ್ನ ಮನೆಯೊಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಹಲವು ವಾರ ಇಬ್ಬರೂ ಮಾತಾಡಲಿಲ್ಲ. ನಡುವಿನ ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದು ಕೇಳಿದಾಗಲೆಲ್ಲ ಅವಳಿಗೆ ಹೋಗಿ ಕೂತುಬಿಡೋಣ ಅನಿಸುತ್ತಿತ್ತು, ಹೋಗುತ್ತಿರಲಿಲ್ಲ.

ಅಯ್ಯನವರು ಬಂದಾಗ ಅವಳು ಎಲ್ಲವನ್ನೂ ಹೇಳಿಕೊಂಡಳು. "ಸಭಾ ಒಡದು ಹೋತ್ರಿ ಅಯ್ಯನವರ. ಬೇಡಿಕೊಂಡಿದ್ದೇ ತಪ್ಪಾತೇನ್ರಿ?"

ಅಯ್ಯನವರು ಸೈಕಲ್ಲನ್ನು ಗೋಡೆಗೆ ಆನಿಸಿದರು. "ತಪ್ಪಲ್ಲವ್ವಾ. ನನಗೂ ಇದರ ದಾರಿ ಪೂರಾ ತಿಳಿದಿಲ್ಲ. ಅವರು ಇಲ್ಲಿಗಿ ಬರೂದಿಲ್ಲ ಅಂದ್ರ, ನೀವು ಅವರಿದ್ದಲ್ಲಿಗಿ ಹೋಗಿ ನೋಡ್ರಿ. ಕರಿಯಾಕ ಅಲ್ಲ. ಅವರ ಜೋಡಿ ಇರಾಕ."

ಮುಂದಿನ ಶುಕ್ರವಾರ ಲಾಲಮ್ಮ ಏನೂ ತಿನ್ನದೆ ಗದ್ದೆಗೆ ಹೋದಳು. ಕೆಸರಿನಲ್ಲಿ ಹಿಂದೆ ಹಿಂದೆ ಸರಿಯುತ್ತ ಸಸಿ ಊರುವುದು ಅವಳಿಗೆ ಹೊಸದು. ಸಾಲು ಸೊಟ್ಟಾಯಿತು, ನಡು ನೋಯಿತು. ಮೋನಮ್ಮ ನೋಡಿದಳು, ತನ್ನ ಸಾಲು ಹಿಡಿದು ಸರಿದಳು. ಮಧ್ಯಾಹ್ನ ಎಲ್ಲರೂ ಬದುವಿನ ಮೇಲೆ ಬುತ್ತಿ ಬಿಚ್ಚಿದರು. ಲಾಲಮ್ಮ ಕೈಕಾಲು ತೊಳೆದು ಸ್ವಲ್ಪ ದೂರ ಕೂತಳು. ಅದೇ ಗುಂಪಿನ, ಮುಸಲ್ಮಾನರ ಓಣಿಯ ಆಮೀನಾ ರೊಟ್ಟಿ ಮುರಿಯುತ್ತಿದ್ದವಳು ಅವಳತ್ತ ತಿರುಗಿದಳು.

"ಏನವ್ವಾ, ಉಣ್ಣಂಗಿಲ್ಲ? ರೋಜಾ ಏನು?"

"ಹೂನವ್ವಾ, ನಮ್ಮದೂ ಒಂದು ನಮೂನಿ ರೋಜಾ, ಶುಕ್ರವಾರದ ಉಪವಾಸ."

"ರೋಜಾದಾಗ ನಾಟಿ ಹಚ್ಚೋದು ಏನು ಅಂಬೋದು ನನಗ ಕೇಳು. ನೆರಳಿಗಿ ಬಂದು ಕೂಡು. ಹೊತ್ತು ಮುಳುಗೋ ತನಕ ನಿನ್ನ ಸಾಲು ನಾ ನೋಡ್ತೀನಿ."

ಲಾಲಮ್ಮ ನಕ್ಕಳು. ನಕ್ಕು ಎಷ್ಟು ದಿನವಾಗಿತ್ತೋ. ಆ ನಗು ಕೇಳಿ ಮೋನಮ್ಮ ಉಂಡ ಕೈ ತೊಳೆದುಕೊಂಡು ಬಂದು ಪಕ್ಕದಲ್ಲಿ ಕೂತಳು. "ಯಾರ ಸಲುವಾಗಿ ಬೇಡಬೇಕು, ಹೇಳು" ಎಂದಳು. ಲಾಲಮ್ಮ ಆಮೀನಾಳ ಕಡೆ ನೋಡಿದಳು. ಆಮೀನಾ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟು, "ನಮ್ಮವ್ವಗ ಕಣ್ಣು ಕಾಣವಲ್ದು" ಎಂದಳು. ಅಲ್ಲೇ ಬದುವಿನ ಮೇಲೆ, ಉಂಡವರೂ ಉಣ್ಣದವಳೂ ತಲೆಬಾಗಿದರು.

ಅಂದಿನಿಂದ ಶುಕ್ರವಾರ ಮಧ್ಯಾಹ್ನ ಬುತ್ತಿಯ ಹೊತ್ತಿನಲ್ಲಿ ಪ್ರಾರ್ಥನೆ ತಪ್ಪಲಿಲ್ಲ. ಒಬ್ಬರ ಸೊಸೆಗೆ ದಿನ ತುಂಬಿದ್ದು, ಇನ್ನೊಬ್ಬರ ಗಂಡನ ಕುಡಿತ, ಎಲ್ಲ ಅಲ್ಲಿ ಹೇಳಿಕೊಳ್ಳುತ್ತಿದ್ದರು. ಕೆಲವರು ಉಪವಾಸ ಹಿಡಿದರು, ಹೆಚ್ಚಿನವರು ಹಿಡಿಯಲಿಲ್ಲ. ಯಾರನ್ನೂ ಯಾಕೆಂದು ಲಾಲಮ್ಮ ಕೇಳಲಿಲ್ಲ. ಅವಳು ಬರದ ದಿನ ಹೆಂಗಸರು ಅವಳ ಮನೆಗೆ ಬಂದು ವಿಚಾರಿಸುತ್ತಿದ್ದರು.

ಆದರೂ ಚರ್ಚಿನೊಳಗಿನ ಆ ಹಳೆಯ ಶುಕ್ರವಾರ ತಿರುಗಿ ಬರಲಿಲ್ಲ. ವರ್ಷಕ್ಕೊಂದು ಶುಭ ಶುಕ್ರವಾರ ಮಾತ್ರ ಸಭೆ ತುಂಬುತ್ತಿತ್ತು. ಅಂಥ ಒಂದು ದಿನ, ಮಂದಿಯೆಲ್ಲ ಹೋದ ಮೇಲೆ, ಇಬ್ಬರೂ ಚಾಪೆ ಸುತ್ತುತ್ತಿದ್ದರು. ಲಾಲಮ್ಮನ ತಲೆ ಆಗಲೇ ಪೂರ್ತಿ ಬೆಳ್ಳಗಾಗಿತ್ತು.

"ಮೋನವ್ವಾ, ನೀರು ಬರಬಾರದಿತ್ತು ಅಂತ ನಾ ಒಂದಿನಾನೂ ಅಂದಿಲ್ಲ. ಆದರ ಬೇಡುವಾಗ ಎಲ್ಲಾರೂ ಎಷ್ಟು ಹತ್ರ ಇದ್ವಿ."

"ಮತ್ತ ಏನರೆ ಬೇಡೋಣೇನು, ಹೇಳು?"

ಲಾಲಮ್ಮ ಸುತ್ತಿದ್ದ ಚಾಪೆಯನ್ನು ಮತ್ತೆ ಬಿಚ್ಚಿದಳು. "ಏನೂ ಬ್ಯಾಡ. ಒಂದು ಸ್ವಲ್ಪ ಹೊತ್ತು ಬಾಜೂ ಕೂಡು."