ಉಪಗ್ರಹಕ್ಕೆ ಅಳಿಸಿ ಬರೆಯುವ ಚಿಪ್ಪು

ತೊಂಬತ್ತರ ದಶಕದ ಕೊನೆ. ಬೆಂಗಳೂರಿನಲ್ಲಿ ಉಪಗ್ರಹದ ಎಲೆಕ್ಟ್ರಾನಿಕ್ಸ್ ಕೆಲಸದಲ್ಲಿದ್ದ ನನ್ನ ಮಗಳು ಹಬ್ಬಕ್ಕೆ ಹಿಂದೂಪುರಕ್ಕೆ ಬಂದು, ಹೋಳಿಗೆ ಮುಟ್ಟದೆ ಕೂತಳು. ಅವಳ ತಂಡ ಆರಿಸಿದ ಎಲೆಕ್ಟ್ರಾನಿಕ್ ಚಿಪ್ಪನ್ನು ಸೋಮವಾರ ಪರೀಕ್ಷೆಗೆಂದು ವಿಕಿರಣದ ಕಿರಣದ ಮುಂದೆ ಇಡುವವರಿದ್ದರು. ಆಕಾಶದಲ್ಲಿ ಬೀಳುವಂಥ ವಿಕಿರಣವನ್ನು ತಡೆದುಕೊಂಡರೆ ಅದು ಉಪಗ್ರಹಕ್ಕೆ. ಸುಟ್ಟರೆ ಇವಳ ವರ್ಷಗಟ್ಟಲೆಯ ಕೆಲಸ ಬೀರುವಿಗೆ.

ಆ ಚಿಪ್ಪಿನೊಳಗೆ ಬರೆದದ್ದನ್ನು ಅಳಿಸಿ ಹೊಸದಾಗಿ ಬರೆಯಬಹುದಂತೆ. ಉಪಗ್ರಹ ಮೇಲೆ ಹೋದ ಮೇಲೂ ಕೆಳಗಿನಿಂದಲೇ ಬದಲಾಯಿಸಬಹುದಂತೆ. ಆದರೆ ವಿಕಿರಣ ತಾಗಿದರೆ ಒಳಗಿನ ಒಂದು ಎಂಬ ಅಂಕಿ ಸೊನ್ನೆಯಾಗುತ್ತದೆ, ಸೊನ್ನೆ ಒಂದಾಗುತ್ತದೆ. ಹಾಗಿದ್ದರೆ ಅಳಿಸಲಾಗದ ಚಿಪ್ಪನ್ನೇ ಹಾಕಿ ಸಾಯಿರಿ ಎಂದೆ. ಅವಳ ಮೇಲಿನವರೂ ಅದನ್ನೇ ಹೇಳುತ್ತಿದ್ದರಂತೆ.

"ಕಲ್ಯಾಣದುರ್ಗದ ಅತ್ತೆ ಮನೆ ರಂಗೋಲಿ ಏನಾಯ್ತು, ಮರೆತ್ಬುಟ್ಯಾ?" ಎಂದಳು.

ಮರೆಯುವಂಥದ್ದೇ ಅದು? ನನ್ನ ನಾದಿನಿ, ದಿನಾ ಬಗ್ಗುವ ಕಾಟ ತಪ್ಪಲಿ ಎಂದು, ಬಾಗಿಲ ಮುಂದೆ ಪೇಂಟಿನಲ್ಲಿ ರಂಗೋಲಿ ಬರೆಸಿದ್ದಳು. ಬೀದಿಯೆಲ್ಲ ಹೊಗಳಿತು. ಅಷ್ಟರಲ್ಲಿ ಅವಳ ಮಾವ ಸತ್ತ. ಸೂತಕದ ಮನೆ ಮುಂದೆ ರಂಗೋಲಿ ಇರಬಾರದು. ಸೀಮೆಎಣ್ಣೆ ಹಾಕಿ ಉಜ್ಜಿದರೂ ಅದು ಹೋಗಲಿಲ್ಲ. ಕಡಲೆಕಾಯಿಯ ಗೋಣಿಚೀಲ ಹಾಸಿ ಮುಚ್ಚಿದರು. ಹೆಣ ಎತ್ತಲು ಬಂದವರು ಅದಕ್ಕೇ ಎಡವಿದರು.

ಆಗ ನನ್ನ ತಲೆಗೆ ಹೋಯಿತು. ಪುಡಿಯ ರಂಗೋಲಿಯನ್ನು ಕೋಳಿ ಕೆದರುತ್ತದೆ, ನಿಜ. ಕೆದರಿದಷ್ಟನ್ನು ತಿದ್ದಿದರಾಯಿತು. ಮಗಳ ತಂಡದವರು ಮಾಡಿದ್ದೂ ಹಾಗೇ. ಒಂದೇ ಲೆಕ್ಕವನ್ನು ಚಿಪ್ಪಿನ ಮೂರು ಕಡೆ ಮಾಡಿಸಿ, ಎರಡು ಕಡೆ ಒಂದೇ ಉತ್ತರ ಬಂದರೆ ಅದನ್ನು ನಂಬುವುದು. ಕೆಟ್ಟ ಜಾಗವನ್ನು ಮತ್ತೆ ಮತ್ತೆ ಬರೆಯುತ್ತಿರುವುದು.

ಸೋಮವಾರ ನಾನು ಎಸ್‌ಟಿಡಿ ಬೂತಿನ ಬೆಂಚು ಬಿಟ್ಟು ಏಳಲಿಲ್ಲ. ಸಂಜೆ ಫೋನು ಬಂತು. ಬೂತಿನವನ ಕೈಯಿಂದ ಕಿತ್ತುಕೊಂಡೆ.

"ಸುಟ್ಟೋಯ್ತಾ, ಇಲ್ವಾ? ಅಷ್ಟು ಹೇಳು."

"ಸುಟ್ಟೋಗ್ಲಿಲ್ಲ ಕಣಮ್ಮ. ತಪ್ಪು ಬೇಕಾದಷ್ಟು ಬಿದ್ವು. ಬಿದ್ದಂಗೆಲ್ಲ ತಿದ್ಕೊಂಡ್ಬುಡ್ತು. ನಮ್ದೇ ಮೇಲಕ್ಕೋಗೋದು."

ಅವಳ ಹಿಂದೆ ಜೊತೆಯವರು ಚಪ್ಪಾಳೆ ಹೊಡೆಯುವುದು ಕೇಳುತ್ತಿತ್ತು. ನಾನೂ ಕೂಗಿದೆ. ಬೂತಿನವನು "ಮೆಲ್ಲಗಾ ಮಾಟ್ಲಾಡಮ್ಮಾ" ಎಂದು ತೆಲುಗಿನಲ್ಲಿ ಗದರಿದ. ನನ್ನ ಮಗಳ ಚಿಪ್ಪು ಆಕಾಶಕ್ಕೆ ಹೋಗುತ್ತಿರುವಾಗ ಮೆಲ್ಲಗೆ ಹೇಗಯ್ಯಾ ಮಾತಾಡಲಿ ಎಂದು ನಾನೂ ತೆಲುಗಿನಲ್ಲೇ ಕೇಳಿದೆ, ಬಸ್‌ಸ್ಟ್ಯಾಂಡಿಗೆಲ್ಲ ಕೇಳುವಂತೆ.