ಬರ್ನಡೀನಳ ಏಳು ನಿಮಿಷ

ಫೋನು ಮೂರು ಸಲ ಹೊಡೆದುಕೊಳ್ಳುವವರೆಗೂ ಬರ್ನಡೀನ್ ವೊಯ್ಟೆಕ್ ಅದನ್ನು ಎತ್ತುವುದಿಲ್ಲ. ಮೊದಲ ಸಲಕ್ಕೇ ಎತ್ತಿದರೆ ಕಾಯುತ್ತ ಕೂತಿದ್ದಳು ಅಂತ ಅತ್ತಲಿನವರಿಗೆ ಗೊತ್ತಾಗಿಬಿಡುತ್ತದಲ್ಲ. ಆ ಮಂಗಳವಾರ ಬೆಳಿಗ್ಗೆ ಗಂಡ ಲೆನ್ ಕಾಫಿ ಬಟ್ಟಲಿನ ಮೇಲಿಂದ ಅವಳನ್ನೇ ನೋಡುತ್ತಿದ್ದ. ಫೋನು ಒಂದು ಸಲ ಹೊಡೆಯಿತು, ಎರಡು ಸಲ ಹೊಡೆಯಿತು.

"ಎತ್ತೇ ಮಾರಾಯ್ತಿ, ನಿಂತುಹೋಗತ್ತೆ," ಅಂದ.

"ನಿಂತುಹೋದ್ರೆ ಅವರಿಗೆ ನಾನು ಬೇಕಿರ್ಲಿಲ್ಲ ಅಂತ ಅರ್ಥ," ಅಂದು ಮೂರನೆಯದಕ್ಕೆ ಎತ್ತಿದಳು.

ಅತ್ತ ಕಡೆ ಜೋಲೀನ್. ಯಾವ ಆಸ್ಪತ್ರೆಗೆ ಯಾರು ಹೋಗಬೇಕೆಂದು ಗೊತ್ತುಮಾಡುವವಳು. "ಬರ್ನಿ, ಇವತ್ತು ಮಧ್ಯಾಹ್ನ ಒಂದು ಗಂಟೆಗೆ ಹೋಗ್ತೀಯಾ? ಅರ್ಧ ಕೇಸು ಅಷ್ಟೇ. ಮೊದಲರ್ಧ ಕೂರೋ ಕೆಂಡ್ರಾಗೆ ಮಗಳನ್ನ ಶಾಲೆಯಿಂದ ಕರ್ಕೊಂಡು ಬರ್ಬೇಕಂತೆ, ಅವಳನ್ನ ಬಿಡಿಸ್ಬೇಕು."

"ಯಾರ ಕೇಸು?"

"ಹ್ಯಾಲೊರನ್ ಡಾಕ್ಟ್ರದು."

ಬರ್ನಡೀನ್ ಲೆನ್ ಕಡೆಗೆ ಬೆನ್ನು ತಿರುಗಿಸಿದಳು. "ನಾನು ಬರೋದು ಅವರಿಗೆ ಗೊತ್ತಾ?"

"ಗೊತ್ತಿಲ್ದೇ ಇದ್ರೇ ಒಳ್ಳೇದು," ಎಂದು ಜೋಲೀನ್ ನಕ್ಕಳು.

ಆ ನಗು ಬರ್ನಡೀನಳಿಗೆ ಸರಿಬರಲಿಲ್ಲ. ಅವಳದು ಕರೆದಾಗ ಹೋಗುವ ಕೆಲಸ. ಬೆನ್ನುಮೂಳೆಯ ಆಪರೇಷನ್ ನಡೆಯುವಾಗ ಮಲಗಿದವರ ನರಗಳು ಸುರಕ್ಷಿತವಾಗಿವೆಯೇ ಎಂದು ಯಂತ್ರದ ಪರದೆಯ ಮೇಲೇಳುವ ನರದ ಅಲೆ ನೋಡುತ್ತ ಕೂತು ಕಾಯುವುದು. ಮೂರು ತಿಂಗಳು ಒಂದೂ ಕೇಸಿಗೆ ಹೋಗದಿದ್ದರೆ ಪಟ್ಟಿಯಿಂದ ಹೆಸರು ತಾನಾಗಿ ಬಿದ್ದುಹೋಗುತ್ತದೆ. ಆ ದಿನಕ್ಕೆ ಅವಳು ಮನೆಯಲ್ಲಿ ಕೂತು ಹನ್ನೊಂದು ವಾರ ದಾಟಿತ್ತು. ಅಕ್ಟೋಬರಿನಲ್ಲಿ ಇದೇ ಹ್ಯಾಲೊರನ್ನರ ಕೇಸಿನಲ್ಲಿ ಅವಳು "ಬಲಗಾಲಿನ ಅಲೆ ಹೋಯ್ತು" ಎಂದು ಕೂಗಿದ್ದಳು. ಡಾಕ್ಟರು ಕತ್ತರಿಸಿದ ಬೆನ್ನನ್ನು ಹಾಗೇ ಬಿಟ್ಟು ನಲವತ್ತು ನಿಮಿಷ ನಿಂತಿದ್ದರು. ಕೊನೆಗೆ ನೋಡಿದರೆ ಸಹಾಯಕ ಒರಗಿದ ಭರಕ್ಕೆ ಕಾಲಿಗೆ ಚುಚ್ಚಿದ್ದ ತಂತಿಯ ಒಂದು ಸೂಜಿ ಕಿತ್ತುಬಂದಿತ್ತು, ಅಷ್ಟೆ. ಅಂದಿನಿಂದ ಫೋನು ತಣ್ಣಗಾಗಿತ್ತು. ಯಾರೂ ಬಾಯಿಬಿಟ್ಟು ಏನೂ ಹೇಳಲಿಲ್ಲ. ಹೇಳದಿದ್ದದ್ದೇ ಅವಳಿಗೆ ಹೇಳಿದಷ್ಟಾಗಿತ್ತು.

"ಇನ್ನೊಂದು ಸಲ ಸುಳ್ಳು ಕೂಗು ಹಾಕ್ಲಿ, ತೆಗೆದುಹಾಕೋಕೆ ಕಾರಣ ಸಿಗತ್ತೆ ಅಂತ ಕರೀತಿದ್ದಾರೆ," ಎಂದಳು, ಫೋನಿಟ್ಟು ಲೆನ್‌ಗೆ ಎಲ್ಲ ಹೇಳಿ.

"ಕೆಂಡ್ರಾ ಮಗಳನ್ನ ಶಾಲೆಯಿಂದ ಕರ್ಕೊಂಡು ಬರೋದೂ ಒಳಸಂಚೇನೇ?" ಎಂದ ಲೆನ್.

"ಆ ಮಗು ಬಸ್ಸಲ್ಲಿ ಬರ್ತಿತ್ತು, ನಂಗೆ ಗೊತ್ತು."

ಅನುಮಾನ ಅವಳ ಹುಟ್ಟುಗುಣ. ಅಮೆರಿಕದ ಈರಿ ಊರಿನ ಪೂರ್ವದ ಬೀದಿಗಳಲ್ಲಿ, ರೈಲು ಎಂಜಿನ್ ಕಾರ್ಖಾನೆಗೆ ದುಡಿಯುವವರ ಮನೆಯಲ್ಲಿ ಬೆಳೆದವಳು. ಆರನೆಯ ವಯಸ್ಸಿಗೇ ಅಂಗಡಿಯಿಂದ ತಂದ ಮೊಟ್ಟೆಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದಳಂತೆ. ಮದುವೆಯ ದಿನ ಪಾದ್ರಿ ಬರೆದ ಹೆಸರಿನ ಅಕ್ಷರ ಸರಿಯಿದೆಯೇ ಎಂದು ಮುಸುಕು ಎತ್ತಿ ಬಗ್ಗಿ ನೋಡಿದ್ದಳು. ಇಂಥವಳಿಗೆ ತಕ್ಕ ಕೆಲಸವೇ ಸಿಕ್ಕಿತು. ಹತ್ತೊಂಬತ್ತು ವರ್ಷ ಆಸ್ಪತ್ರೆಯಲ್ಲಿ ಜನರ ತಲೆಗೆ ತಂತಿ ಅಂಟಿಸಿ ಮಿದುಳಿನ ಅಲೆ ತೆಗೆದಳು. ಆಮೇಲೆ ಪರೀಕ್ಷೆ ಕಟ್ಟಿ ಆಪರೇಷನ್ ಕೋಣೆಗೆ ಬಂದಳು. ಅರವತ್ತು ತುಂಬಿದ ಮೇಲೆ ದಿನದ ಕೆಲಸ ಬಿಟ್ಟು, ಕರೆದಾಗ ಹೋಗುವವಳಾದಳು.

ಈ ಕೆಲಸದಲ್ಲಿ ಅನುಮಾನಕ್ಕೂ ಒಂದು ಸರದಿ ಇದೆ. ಕಾಲಿನ ಹರಡಿನ ಹತ್ತಿರ ಸಣ್ಣಗೆ ಕರೆಂಟು ಮುಟ್ಟಿಸಿದರೆ ಅದು ನರದ ಗುಂಟ ಹತ್ತಿ ಮಿದುಳನ್ನು ಸೇರುತ್ತದೆ, ಸೇರಿದ್ದು ಪರದೆಯ ಮೇಲೆ ಅಲೆಯಾಗಿ ಕಾಣುತ್ತದೆ. ಅಲೆ ಕುಗ್ಗಿತೋ, ಮೊದಲು ತಂತಿಯ ಮೇಲೆ ಅನುಮಾನಪಡಬೇಕು. ತಂತಿ ಸರಿಯಿದ್ದರೆ ಅರಿವಳಿಕೆಯ ಮದ್ದಿನ ಮೇಲೆ, ಆಮೇಲೆ ರಕ್ತದೊತ್ತಡದ ಮೇಲೆ, ಆಮೇಲೆ ಮಲಗಿಸಿದ ಭಂಗಿಯ ಮೇಲೆ. ಕಟ್ಟಕಡೆಗೆ ಡಾಕ್ಟರ ಕೈ. ಆದರೆ ಅಲೆ ಅರ್ಧಕ್ಕಿಳಿದರೆ ಈ ಸರದಿ ಮುಗಿಯಲಿ ಎಂದು ಕಾಯುವಂತಿಲ್ಲ, ಹುಡುಕುತ್ತಲೇ ಬಾಯಿಬಿಟ್ಟು ಹೇಳಬೇಕು. ಅದು ನಿಯಮ.

ಹನ್ನೆರಡೂವರೆಗೇ ಹೋಗಿ ಹಸಿರು ಬಟ್ಟೆ ತೊಟ್ಟು ನಿಂತಳು. ಕೋಣೆಯ ಬೋರ್ಡಿನ ಮೇಲೆ ಎಲ್ಲರ ಹೆಸರೂ ಇತ್ತು, ಇವಳ ಜಾಗದಲ್ಲಿ ಬರೀ "ನರ" ಎಂದಿತ್ತು. ಅದಕ್ಕೆ ಅವಳು ಬೇಸರಪಡಲಿಲ್ಲ. ಹೆಸರಿಲ್ಲದಿದ್ದರೆ ಹ್ಯಾಲೊರನ್‌ಗೆ ನೆನಪೂ ಬಾರದಿರಬಹುದು.

ಮಲಗಿದ್ದವನು ಕೌಂಟಿ ಆಡಳಿತಕ್ಕೆ ರಸ್ತೆಯ ಹಿಮ ಗೋರುವ ಲಾರಿ ಓಡಿಸುವವನು, ಐವತ್ತೆರಡು ವರ್ಷದವನು. ಬೋರಲು ಮಲಗಿಸಿ ಮೇಲೆಲ್ಲ ನೀಲಿ ಹೊದಿಕೆ ಹೊದಿಸಿದ್ದರು. ಬರ್ನಡೀನಳಿಗೆ ಅವನ ಮುಖ ಕಾಣಲಿಲ್ಲ, ಮುಂದೂ ಕಾಣುವುದಿಲ್ಲ.

ಕೆಂಡ್ರಾ ಕುರ್ಚಿ ಬಿಟ್ಟೆದ್ದಳು. ಮೂವತ್ತರ ಆಸುಪಾಸಿನ ಚುರುಕಿನ ಹೆಂಗಸು. "ಎಲ್ಲಾ ಚೆನ್ನಾಗಿದೆ ಬರ್ನಡೀನ್. ನಾಲ್ಕೂ ಕೈಕಾಲಿನ ಅಲೆ ಕೊಡ ತುಂಬಿದ ಹಾಗಿದೆ. ನೀವು ಸುಮ್ನೆ ಕೂತ್ಕೊಳ್ಳಿ."

"ತಂತಿ ಎಲ್ಲಾ ನೀನೇ ಹಾಕಿದ್ದಾ?"

"ಮತ್ತೆ ಇನ್ಯಾರು ಹಾಕ್ತಾರೆ?"

"ಬೋರಲು ತಿರುಗಿಸಿದ ಮೇಲೆ ಎಡ ಬಲ ನೋಡ್ಕೊಂಡ್ಯಾ?"

ಕೆಂಡ್ರಾ ಕೈಚೀಲ ಹೆಗಲಿಗೇರಿಸಿಕೊಂಡು ಅವಳನ್ನೇ ಒಂದು ಕ್ಷಣ ದಿಟ್ಟಿಸಿದಳು. "ಎಡ ಬಲ ನಂಗೆ ಒಂದನೇ ಕ್ಲಾಸಲ್ಲೇ ಹೇಳ್ಕೊಟ್ಟಿದ್ದಾರೆ," ಎಂದು ಹೊರಟೇಹೋದಳು.

ಉತ್ತರ ಹಾರಿಸಿದಳು ಎಂದು ಬರ್ನಡೀನ್ ಮನಸ್ಸಿನಲ್ಲೇ ಗುರುತು ಹಾಕಿಕೊಂಡಳು.

ಮೊದಲ ಗಂಟೆ ತೊಂದರೆಯಿಲ್ಲದೆ ಕಳೆಯಿತು. ಹ್ಯಾಲೊರನ್ ಬೆನ್ನೆಲುಬಿನ ಬಲಗಡೆ ತಿರುಪು ಕೂರಿಸುತ್ತ ಸಹಾಯಕನಿಗೆ ಮೀನು ಹಿಡಿದ ಕಥೆ ಹೇಳುತ್ತಿದ್ದರು. ಎರಡು ಗಂಟೆ ದಾಟಿದ ಮೇಲೆ ಎಡಗಾಲಿನ ಅಲೆ ಒಂದು ಕೂದಲೆಳೆಯಷ್ಟು ಕುಗ್ಗಿತು. ಬರ್ನಡೀನ್ ಕನ್ನಡಕ ಸರಿಮಾಡಿಕೊಂಡಳು. ಮುಂದಿನದು ಇನ್ನೂ ಕುಗ್ಗಿತು. ಕೈಗಳೆರಡೂ ನೆಟ್ಟಗಿದ್ದವು, ಬಲಗಾಲೂ ನೆಟ್ಟಗಿತ್ತು. ಎರಡು ಗಂಟೆ ಹದಿನಾಲ್ಕು ನಿಮಿಷಕ್ಕೆ ಎಡಗಾಲು ಅರ್ಧಕ್ಕೆ ಇಳಿಯಿತು.

ಹೇಳಬೇಕಾದ ಹೊತ್ತು ಅದು. ಅವಳು ಹೇಳಲಿಲ್ಲ.

ಡಾಕ್ಟರು ಕೆಲಸ ಮಾಡುತ್ತಿರುವುದು ಬಲಗಡೆ, ಕುಗ್ಗುತ್ತಿರುವುದು ಎಡಗಡೆ. ಹೇಗಾದೀತು? ಅವಳ ಮನಸ್ಸು ನೇರವಾಗಿ ಕೆಂಡ್ರಾಳ ಮೇಲೆ ಹೋಯಿತು. ಮಗಳ ಅವಸರದಲ್ಲಿ ಎಡದ ತಂತಿಯನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಸಿಕ್ಕಿಸಿದ್ದಾಳೆ. ಅವಸರವೋ, ಬೇಕೆಂದೋ, ದೇವರೇ ಬಲ್ಲ. ಹಾಗಿದ್ದರೆ ಪರದೆಯ ಮೇಲಿನ ಎಡ ನಿಜವಾಗಿ ಬಲ, ತಿರುಪು ನರಕ್ಕೆ ತಾಗುತ್ತಿದೆ ಅಂತಾಯಿತು. ಎಡಗಾಲು ಎಂದು ಕೂಗಿದರೆ ತಪ್ಪು. ಬಲಗಾಲು ಎಂದು ಕೂಗಿ ಅದು ಅಲ್ಲದಿದ್ದರೆ ಅಕ್ಟೋಬರ್ ಮತ್ತೆ ಬಂದ ಹಾಗೆ, ಅಲ್ಲಿಗೆ ಮುಗಿಯಿತು.

ಪೆಟ್ಟಿಗೆಯಲ್ಲಿ ತಂತಿ ಸಿಕ್ಕಿಸಿದ ತೂತುಗಳನ್ನು ಒಂದೊಂದಾಗಿ ಎಣಿಸಿದಳು. ಅರಿವಳಿಕೆ ಕೊಡುವ ಗ್ರೆಟಾಳ ಹತ್ತಿರ ಜರುಗಿ, "ಮದ್ದು ಏನಾದ್ರೂ ಜಾಸ್ತಿ ಮಾಡಿದ್ರಾ?" ಎಂದು ಪಿಸುಗುಟ್ಟಿದಳು.

"ಇಲ್ವಲ್ಲ. ಒತ್ತಡಾನೂ ಚೆನ್ನಾಗಿದೆ. ಯಾಕೆ?"

"ಸುಮ್ನೆ."

ಇಷ್ಟರಲ್ಲಿ ಪರದೆಯ ಮೂಲೆಯಲ್ಲಿ ಅಕ್ಷರ ಮೂಡಿತು. ಬೇರೆ ಊರಲ್ಲಿ ಕೂತು ಐದಾರು ಆಪರೇಷನ್ನುಗಳ ಅಲೆಗಳನ್ನು ಒಟ್ಟಿಗೆ ನೋಡುವ ಡಾಕ್ಟರು ಬರೆದಿದ್ದರು: "ಎಡಗಾಲು ನೋಡಿದಿರಾ? ಸರ್ಜನ್‌ಗೆ ಹೇಳಿದಿರಾ?" ಅವಳು "ತಂತಿ ನೋಡುತ್ತಿದ್ದೇನೆ" ಎಂದಷ್ಟೇ ಬರೆದಳು. ಎರಡನೆಯ ಪ್ರಶ್ನೆಗೆ ಉತ್ತರ ಕೊಡಲಿಲ್ಲ.

"ಗ್ರೆಟಾ, ನಾನು ಹೊದಿಕೆ ಕೆಳಗೆ ಹೋಗ್ತೀನಿ. ಪರದೇಲಿ ಯಾವ ಸಾಲು ಕುಣಿಯತ್ತೆ ಹೇಳಿ."

ಮಂಡಿ ಕಿರ್ ಎನ್ನುತ್ತಿದ್ದರೂ ಅವಳು ಮೇಜಿನ ಕಾಲಕಡೆ ಬಗ್ಗಿ ಹೊದಿಕೆಯೊಳಗೆ ನುಸುಳಿದಳು. ಒಳಗೆ ಮಬ್ಬು ನೀಲಿ ಬೆಳಕು, ಔಷಧದ ವಾಸನೆ. ಎಡಗಾಲಿನ ತಂತಿಯನ್ನು ಉಗುರಿನಿಂದ ಚಿಮ್ಮಿದಳು.

"ಎಡ," ಎಂದಳು ಗ್ರೆಟಾ.

ಬಲದ್ದನ್ನು ಚಿಮ್ಮಿದಳು.

"ಬಲ."

ನಂಬಿಕೆ ಬರಲಿಲ್ಲ. ಎಡದ್ದನ್ನು ಇನ್ನೊಮ್ಮೆ ಚಿಮ್ಮಿದಳು.

"ಎಡಾನೇ. ಎಷ್ಟು ಸಲ ಹೇಳ್ಲಿ?"

"ಅಲ್ಲಿ ಕೆಳಗೆ ಯಾರು?" ಎಂದು ಮೇಲಿನಿಂದ ಹ್ಯಾಲೊರನ್ ದನಿ ಬಂತು. "ಇಲಿಯೇನಾದ್ರೂ ಬಂತಾ?"

ಬರ್ನಡೀನ್ ಸೂಜಿಗಳ ಮೇಲೆ ಬೆರಳಾಡಿಸಿದಳು. ಕೆಂಡ್ರಾಳ ಕೆಲಸದಲ್ಲಿ ಒಂದೂ ಕುಂದಿಲ್ಲ. ಸೂಜಿಯ ಮೇಲಿನ ಟೇಪಿನ ಅಂಚನ್ನು ಕೂಡ ಒಳಕ್ಕೆ ಮಡಚಿದ್ದಳು, ಆಮೇಲೆ ಎಳೆಯುವಾಗ ಚರ್ಮ ಕಿತ್ತು ಬಾರದಿರಲಿ ಎಂದು. ಇಂಥ ಟೇಪು ಹಾಕಿದವಳು ಎಡ ಬಲ ತಪ್ಪಿಸುತ್ತಾಳೆಯೇ? ಅನುಮಾನಕ್ಕೆ ಹಿಡಿಯಲು ಏನೂ ಸಿಗದೆ ಅವಳ ಬೆರಳು ಆ ಟೇಪಿನ ಮೇಲೆಯೇ ನಿಂತಿತು. ಆಗ ಗೊತ್ತಾಯಿತು. ಕೈಗವಸಿನ ಮೂಲಕವೇ ಗೊತ್ತಾಗುವಷ್ಟು ಆ ಪಾದ ತಣ್ಣಗಿತ್ತು.

ಬಲಪಾದ ಮುಟ್ಟಿದಳು, ಬೆಚ್ಚಗಿತ್ತು. ಮತ್ತೆ ಎಡಕ್ಕೆ ಬಂದಳು. ಮೇಣದ ಹಾಗೆ ಬಿಳಿಚಿಕೊಂಡ ಬೆರಳುಗಳು. ಪಾದದ ಮೇಲ್ಭಾಗದಲ್ಲಿ ನಾಡಿ ಹುಡುಕಿದಳು, ಸಿಗಲಿಲ್ಲ.

ಅವಳು ಹೊರಗೆ ಬಂದಾಗ ಟೋಪಿ ಓರೆಯಾಗಿತ್ತು. ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಡಾಕ್ಟ್ರೇ, ಎಡಗಾಲಿನ ಅಲೆ ಅರ್ಧಕ್ಕಿಂತ ಕೆಳಗೆ ಬಂದಿದೆ. ತಂತಿ ಸರಿಯಾಗಿದೆ. ಕಾಲು ತಣ್ಣಗಿದೆ, ನಾಡಿ ಇಲ್ಲ. ಕಾಲಿಗೆ ರಕ್ತ ಹೋಗ್ತಿಲ್ಲ."

ಗಡಿಯಾರದಲ್ಲಿ ಎರಡು ಇಪ್ಪತ್ತೊಂದು.

ಹ್ಯಾಲೊರನ್ ತಲೆಯೆತ್ತಿದರು. ಮುಖಗವಸಿನ ಮೇಲಿನ ಕಣ್ಣುಗಳಿಗೆ ಗುರುತು ಸಿಕ್ಕಿತು. "ಓಹೋ, ನೀವೇನಾ! ನಿಮ್ಮನ್ನ ನರ ನೋಡೋಕೆ ಕರೆಸಿದ್ದು, ಕಾಲು ಒತ್ತೋಕಲ್ಲ."

"ನಾಡಿ ಇಲ್ಲ ಅಂತ ನನ್ನ ಮಾತಿನ ಮೇಲೆ ನಂಬಬೇಡಿ. ಬೇರೆ ಯಾರಾದ್ರೂ ಮುಟ್ಟಿ ನೋಡ್ಲಿ."

ಕೋಣೆಯ ನರ್ಸ್ ಹೊದಿಕೆಯೊಳಗೆ ಬಗ್ಗಿ ಹೋದಳು. ಮೀನಿನ ಕಥೆ ನಿಂತಿತ್ತು. ಬರ್ನಡೀನ್ ಮಾತ್ರ, ತನ್ನ ಬೆರಳೇ ಸುಳ್ಳು ಹೇಳಿದ್ದರೆ ಎಂದು ಈಗ ಆ ಬೆರಳಿನ ಮೇಲೂ ಅನುಮಾನಪಡುತ್ತ ನಿಂತಿದ್ದಳು.

"ನಾಡಿ ಇಲ್ಲ ಡಾಕ್ಟರ್," ಎಂದು ಕೆಳಗಿನಿಂದ ನರ್ಸ್ ಕೂಗಿದಳು. "ಸೊಂಟದ ಕೆಳಗಿಟ್ಟ ಮೆತ್ತೆ ಒಳಕ್ಕೆ ಜಾರಿದೆ. ತೊಡೆಸಂದಿಯ ರಕ್ತನಾಳಕ್ಕೆ ಒತ್ತಿಕೊಂಡಿದೆ."

ಹ್ಯಾಲೊರನ್ ಗಾಯಕ್ಕೆ ಒದ್ದೆ ಬಟ್ಟೆ ಮುಚ್ಚಿದರು. ನಾಲ್ಕು ಜನ ಸೇರಿ ಆ ದೊಡ್ಡ ಮೈಯನ್ನು ಸೊಂಟದ ಹತ್ತಿರ ಎರಡು ಬೆರಳಷ್ಟು ಎತ್ತಿದರು, ನರ್ಸ್ ಮೆತ್ತೆಯನ್ನು ಹೊರಕ್ಕೆ ಎಳೆದಳು. ಮೂರು ನಿಮಿಷಕ್ಕೆ ನಾಡಿ ಸಿಕ್ಕಿತು. ಅಲೆ ಅಷ್ಟು ಬೇಗ ಬರಲಿಲ್ಲ. ಹನ್ನೆರಡು ನಿಮಿಷ ಬರ್ನಡೀನ್ ರೆಪ್ಪೆ ಬಡಿಯದೆ ಕೂತಳು. ಮೊದಲು ಸಣ್ಣ ಉಬ್ಬು, ಆಮೇಲೆ ಗುಡ್ಡ, ಆಮೇಲೆ ಮೊದಲಿನ ಅಲೆಯಷ್ಟೇ ಎತ್ತರ.

"ಬಂತು," ಎಂದಳು.

"ಮುಂದುವರಿಸೋಣ," ಎಂದರು ಹ್ಯಾಲೊರನ್. ಅಷ್ಟೇ.

ಕೇಸು ಮುಗಿದು, ಸೂಜಿಗಳನ್ನೆಲ್ಲ ಕಿತ್ತು ಎಣಿಸಿ ಡಬ್ಬಿಗೆ ಹಾಕಿದ ಮೇಲೆ ವರದಿ ಬರೆಯುವುದಿತ್ತು. ಯಂತ್ರ ತನ್ನ ಪಾಡಿಗೆ ಹೊತ್ತನ್ನು ದಾಖಲಿಸಿತ್ತು. ಹದಿನಾಲ್ಕಕ್ಕೆ ಅಲೆ ಅರ್ಧ, ಇಪ್ಪತ್ತೊಂದಕ್ಕೆ ಹೇಳಿದ್ದು. ನಡುವಿನ ಏಳು ನಿಮಿಷಕ್ಕೆ ಏನು ಬರೆಯುವುದು? "ಭಂಗಿ ಪರೀಕ್ಷಿಸಿದೆ" ಎಂದು ಬರೆದರೆ ನಡೆದುಹೋಗುತ್ತದೆ. ಕೈ ಪಾದದ ಮೇಲಿದ್ದದ್ದು ನಿಜವೇ. ಆದರೆ ಆ ಕೈ ಅಲ್ಲಿಗೆ ಹೋದದ್ದು ಪಾದಕ್ಕಾಗಿ ಅಲ್ಲ. ಇವಳು ಹೆದರಿ ಬಾಯಿಮುಚ್ಚಿಕೊಂಡಿದ್ದ ಏಳು ನಿಮಿಷವೂ ಆ ಲಾರಿಯವನ ಕಾಲು ರಕ್ತವಿಲ್ಲದೆ ಕಾಯುತ್ತಿತ್ತು. ಒಂದೇ ಬೆರಳಿನಲ್ಲಿ ಒತ್ತುತ್ತ ಬರೆದಳು: "ತಂತಿಗಳು ಎಡ ಬಲ ಅದಲುಬದಲಾಗಿವೆ ಎಂದು ಅನುಮಾನಿಸಿ ಪರೀಕ್ಷಿಸಿದೆ. ತಂತಿಗಳು ಸರಿಯಾಗಿದ್ದವು. ಸರ್ಜನ್‌ಗೆ ಹೇಳಲು ತಡಮಾಡಿದೆ."

ಗಾಡಿಯ ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದಾಗ ಫೋನು ಬಂತು. ಈ ಸಲ ಮೊದಲನೆಯದಕ್ಕೇ ಎತ್ತಿದಳು. ಕೆಂಡ್ರಾ.

"ವರದಿ ನೋಡಿದೆ," ಎಂದಳು ಕೆಂಡ್ರಾ. "ನನ್ನ ಮೇಲೆ ಅನುಮಾನಪಟ್ರಿ."

"ಹೂಂ."

"ಪಟ್ಟಿದ್ದಲ್ದೇ ಬರೆದೂ ಇಟ್ಟಿದ್ದೀರ."

"ಏಳು ನಿಮಿಷ ಎಲ್ಲಿ ಹೋಯ್ತು ಅಂದ್ರೆ ಏನ್ ಹೇಳ್ಲಿ? ನಿನ್ನ ತಪ್ಪು ಹುಡುಕ್ತಾ ಹೋಯ್ತು. ತಪ್ಪು ಇರ್ಲಿಲ್ಲ. ಅದನ್ನೂ ಬರೆದಿದ್ದೀನಲ್ಲ."

ಅತ್ತ ಮಗುವೊಂದು ಏನೋ ತಿನ್ನಲು ಕೇಳುತ್ತಿತ್ತು. "ಮಗಳು ಬಸ್ಸಲ್ಲಿ ಬರ್ತಾಳಲ್ಲ?" ಎಂದು ಕೇಳಿಯೇಬಿಟ್ಟಳು ಬರ್ನಡೀನ್.

"ಬಸ್ಸಲ್ಲಿ ಯಾರೋ ಅವಳ ಜಡೆ ಎಳೀತಾರಂತೆ, ಹತ್ತಲ್ಲ ಅಂತಾಳೆ. ಅದೂ ವರದಿಗೆ ಸೇರಿಸ್ತೀರಾ?" ಎಂದು ಕೆಂಡ್ರಾ ಫೋನಿಟ್ಟಳು.

ಮೂರು ದಿನ ಬರ್ನಡೀನಳಿಗೆ ಊಟ ಸೇರಲಿಲ್ಲ. ಶುಕ್ರವಾರ ಲೆನ್ ಚರ್ಚಿನ ಮೀನಿನ ಊಟ ಕಟ್ಟಿಸಿಕೊಂಡು ಬಂದಾಗ ಜೋಲೀನಳ ಫೋನು ಬಂತು.

"ಮೇಲಿನವರು ನಿನ್ನ ವರದಿ ಓದಿದ್ರು ಬರ್ನಿ. ತಡಮಾಡಿದ್ದಕ್ಕೆ ಒಂದು ಎಚ್ಚರಿಕೆ ಕಾಗದ ಬರತ್ತೆ. ಸಹಿ ಹಾಕಿ ಕಳಿಸು."

"ಹೆಸರು ತೆಗೆದ್ರಾ?"

"ಇಲ್ಲ. ಸೋಮವಾರದಿಂದ ನಿಂಗೆ ವಾರಕ್ಕೆರಡು ಅರ್ಧ ಕೇಸು ಹಾಕಿದ್ದೀನಿ. ತನ್ನನ್ನ ಬಿಡಿಸೋಕೆ ನಿನ್ನನ್ನೇ ಕಳಿಸಿ ಅಂತ ಕೆಂಡ್ರಾ ಬರೆದುಕೊಟ್ಟಿದ್ದಾಳೆ."

ಬರ್ನಡೀನ್ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. "ಯಾಕಂತೆ?"

"ಯಾಕೆ ಅಂತ ಕೇಳಿದ್ದಕ್ಕೆ, 'ಅವರಾದ್ರೆ ತಾವೇ ಕೂತು ನೋಡ್ತಾರೆ, ನಾನು ಹೇಳಿದ್ದನ್ನ ನಂಬಲ್ಲ' ಅಂದ್ಲು."

ಫೋನಿಟ್ಟು ಬಂದು ಊಟಕ್ಕೆ ಕೂತಳು. ಲೆನ್ ಮೀನನ್ನು ತಟ್ಟೆಗೆ ಹಾಕಿ, "ಒಳ್ಳೇ ಸುದ್ದಿ ತಾನೇ?" ಅಂದ.

"ಇದರಲ್ಲೇನೋ ಇದೆ," ಎಂದಳು ಬರ್ನಡೀನ್. ಮೀನನ್ನು ಮುರಿದು ಬೆಂದಿದೆಯೇ ಎಂದು ನೋಡಿ, ಮೂರು ದಿನದಲ್ಲಿ ಮೊದಲ ಸಲ ಹೊಟ್ಟೆ ತುಂಬ ತಿಂದಳು. ಸೋಮವಾರ ಒಂದು ಗಂಟೆಯ ಕೇಸಿಗೆ ಹನ್ನೆರಡಕ್ಕೇ ಹೋಗಿ ನಿಂತಳು.