ಅಕ್ಷರದ ಗುಂಡಿನ ನೀರು

ನಮ್ಮೂರು ಚಿನ್ನಹಗರಿ ಹೊಳೆಯ ದಂಡೆಯ ಮೇಲಿತ್ತು. ಊರಾಚೆ ಗುಡ್ಡದ ಬುಡದಲ್ಲಿ ಒಂದು ದೊಡ್ಡ ಬಂಡೆ, ಅದರ ಮೇಲೆ ನಮ್ಮಲ್ಲಿ ಯಾರಿಗೂ ಓದಲು ಬಾರದ ಅಕ್ಷರಗಳು. ಅಕ್ಷರದ ಗುಂಡು ಎನ್ನುತ್ತಿದ್ದೆವು. ದನಕ್ಕೆ ರೋಗ ಬಂದರೆ, ಮನುಷ್ಯರಿಗೆ ಜ್ವರ ಬಿಡದಿದ್ದರೆ ಅದರ ಮೇಲೆ ನೀರು ಸುರಿದು, ಇಳಿದದ್ದನ್ನು ಹಿಡಿದು ಕುಡಿಸುತ್ತಿದ್ದರು. ಹಳೇ ಕಾಲದ ರಾಜ ಕೆತ್ತಿಸಿದ್ದಂತೆ, ತಾಯಿತಂದೆಯರ ಮಾತು ಕೇಳಬೇಕೆಂದು ಅದರಲ್ಲಿದೆಯಂತೆ ಎಂದು ಶಾಲೆಯ ಮೇಷ್ಟ್ರು ಹೇಳಿದಾಗ ನಾನು ನಕ್ಕಿದ್ದೆ. ಇಷ್ಟು ಹೇಳಲು ರಾಜನೇ ಬೇಕಿತ್ತೇ, ನಮ್ಮವ್ವ ದಿನಾ ಹೇಳುತ್ತಾಳಲ್ಲ ಅಂದಿದ್ದೆ.

ನಮ್ಮ ಪಾಲಿಗೆ ಮೊಳಕಾಲ್ಮೂರೇ ಮಹಾನಗರ. ಅಲ್ಲೊಬ್ಬ ಸಾಹುಕಾರರ ಮನೆಯಲ್ಲಿ ರೇಷ್ಮೆ ಸೀರೆ ನೇಯಲು ದಿನಾ ನಡೆದು ಹೋಗಿಬರುತ್ತಿದ್ದೆ. ಕೋಳಿ ಕೂಗುವಾಗ ಹೊಳೆ ದಾಟಿದರೆ ಮರಳುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಮೊಸರು ಮಾರುವವರು, ಕಟ್ಟಿಗೆ ಹೊರುವವರು, ಹೀಗೆ ಜೊತೆಗೆ ಇನ್ನೂ ಕೆಲವರಿದ್ದರು. ಹಗಲು ಊರಲ್ಲಿ ಕಾಣದ ನಮ್ಮನ್ನು ನಮ್ಮೂರ ನಾಯಿಗಳೇ ಪರಸ್ಥಳದವರೆಂದು ತಿಳಿದು ಬೊಗಳುತ್ತಿದ್ದವು. ಅವ್ವ ಮಾತ್ರ ಕಣ್ಣು ಮಂಜಾಗಿದ್ದರೂ ಹೆಜ್ಜೆ ಸಪ್ಪಳದಲ್ಲೇ ಗುರುತು ಹಿಡಿದು, ಮುಖ ಸವರಿ ನೋಡಿಯೇ ಒಳಗೆ ಬಿಡುತ್ತಿದ್ದಳು.

ಆ ವರ್ಷ ಪೇಟೆಯಲ್ಲಿ ಇಲಿ ಸತ್ತು ಬಿದ್ದವು. ಪ್ಲೇಗು ಎಂದ ಕೂಡಲೇ ಉಳಿದವರೆಲ್ಲ ಹೋಗುವುದನ್ನು ನಿಲ್ಲಿಸಿದರು. ಗೌಡರು ನನ್ನನ್ನು ಕರೆಸಿ, "ಪ್ಯಾಟೆಗೆ ಹೋದೋನು ಹೊಳೆ ದಾಟಿ ಈಚೆಗೆ ಬರಂಗಿಲ್ಲ ನೋಡಪ್ಪ. ಊರಾಗೆ ಮಕ್ಕಳು ಮರಿ ಅದಾವೆ. ಅಲ್ಲಾದ್ರೂ ಇರು, ಇಲ್ಲಾದ್ರೂ ಇರು" ಅಂದರು.

ನಾನು ಹೋದೆ. ಹೊಟ್ಟೆಪಾಡು ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ, ಅದು ಸುಳ್ಳು. ಮನೆಯಲ್ಲಿ ಸುಗ್ಗಿವರೆಗೆ ಸಾಲುವಷ್ಟು ರಾಗಿ ಇತ್ತು. ಮಗ್ಗದ ಮೇಲೆ ಅರ್ಧ ಮುಗಿದ ಮದುವೆ ಸೀರೆಯೊಂದಿತ್ತು. ಅದರ ಸೆರಗಿನ ಗಿಳಿಗಳನ್ನು ಬೇರೆಯವನು ನೇಯ್ದು ಹೆಸರು ತೆಗೆದುಕೊಂಡಾನು ಎಂಬ ಹೊಟ್ಟೆಕಿಚ್ಚು ನನ್ನದು. ಪೇಟೆಯಲ್ಲಿ ಮಲಗಲು ಮಾತ್ರ ಪ್ರಾಣಭಯ. ಅದಕ್ಕೇ ಸಂಜೆ ಬಂದು ಹೊಳೆಯ ಆಚೆ ದಡದಲ್ಲಿ, ಹೊಂಗೆಮರದ ಕೆಳಗೆ ಮಲಗತೊಡಗಿದೆ.

ಹೊಳೆಯಲ್ಲಿ ಮೊಣಕಾಲುದ್ದ ನೀರು, ನಡುವೆ ಒಂದು ಚಪ್ಪಟೆ ಬಂಡೆ. ಹೆಂಡತಿ ಮುತ್ತುಗದ ಎಲೆಯಲ್ಲಿ ಮುದ್ದೆ ಕಟ್ಟಿ ಅದರ ಮೇಲಿಟ್ಟು ಹಿಂದಕ್ಕೆ ಹೋಗುತ್ತಿದ್ದಳು. ಅವಳು ದಡ ಸೇರಿದ ಮೇಲೆ ನಾನು ಹೋಗಿ ತೆಗೆದುಕೊಳ್ಳುತ್ತಿದ್ದೆ. ಯಾಕೆ ಹೋಗುತ್ತೀ ಎಂದು ಅವಳು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಒಂದು ಸಂಜೆ ಮುದ್ದೆಯ ಬದಲು ಅವ್ವನೇ ಬಂದಳು. ಕೈಯಲ್ಲಿ ಹಿತ್ತಾಳೆ ಚೆಂಬು, ಕೋಲಿನಿಂದ ನೀರು ತಡವುತ್ತ ಬಂಡೆಯನ್ನೂ ದಾಟಿ ನನ್ನ ಕಡೆಗೆ ಬರುತ್ತಿದ್ದಳು.

"ಅವ್ವಾ, ಬರಬ್ಯಾಡ! ನಿಂತ್ಕೋ ಅಲ್ಲೇ!"

"ಅಕ್ಷರದ ಗುಂಡಿನ ನೀರು ತಂದೀನಿ ಕಣಪ್ಪ. ಒಂದು ಗುಟುಕು ಕುಡಿ, ಏನೂ ಆಗಾಕಿಲ್ಲ. ಮುಖ ಒಂದಿಷ್ಟು ಮುಟ್ಟಿ ಹೋಗ್ತೀನಿ."

ನಾನು ಹಿಂದೆ ಸರಿದೆ. ಅವಳು ಸಪ್ಪಳದ ಜಾಡು ಹಿಡಿದು ಇನ್ನೂ ಮುಂದೆ ಬಂದಳು. ಹಿಂದಿನ ದಿನವಷ್ಟೇ ಸಾಹುಕಾರರ ಓಣಿಯಲ್ಲೂ ಇಲಿ ಬಿದ್ದಿತ್ತು. ಆ ಭಯದಲ್ಲಿ ಏನು ಮಾಡಿದೆನೆಂದರೆ, ಬೆಳೆಗೆ ನುಗ್ಗಿದ ದನವನ್ನು ಅಟ್ಟುವಂತೆ ಹೋ ಎಂದು ಕೂಗಿ, ಬಗ್ಗಿ ಒಂದು ಹಿಡಿ ಮರಳು ಬಾಚಿ ಅವಳತ್ತ ಎಸೆದೆ. ನೆಟ್ಟಗೆ ಮುಖಕ್ಕೇ ಬಿತ್ತು. ಚೆಂಬು ಕೈಜಾರಿ ನೀರಲ್ಲಿ ಮುಳುಗಿತು. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಆತು ಬಿಡಪ್ಪ, ಹೊತ್ತಿಗೆ ಸರಿಯಾಗಿ ಉಣ್ಣು" ಎಂದು ತಿರುಗಿದಳು. ಹೆಂಡತಿ ಓಡಿಬಂದು ಕೈಹಿಡಿದು ಕರೆದುಕೊಂಡು ಹೋದಳು.

ಅವ್ವನ ಒಳ್ಳೆಯದಕ್ಕೇ ಮಾಡಿದೆ ಎಂದು ಆಮೇಲೆ ಎಲ್ಲರೂ ಸಮಾಧಾನ ಹೇಳಿದರು. ಸರಿಯೇ. ಆದರೆ ಆ ಸೀರೆಯ ಆಸೆ ಬಿಟ್ಟಿದ್ದರೆ ಮರಳು ಎಸೆಯುವ ಪ್ರಸಂಗವೇ ಬರುತ್ತಿರಲಿಲ್ಲವಲ್ಲ. ಮರುದಿನವೂ ನಾನು ಮಗ್ಗದ ಮುಂದೆ ಕೂತಿದ್ದೆ.

ಸೆರಗು ಮುಗಿದ ಮಾರನೇ ಬೆಳಗ್ಗೆ ಅವ್ವ ತೀರಿಕೊಂಡಳು. ಪ್ಲೇಗಲ್ಲ; ವಯಸ್ಸಾಗಿತ್ತು, ಮಲಗಿದ್ದವಳು ಏಳಲಿಲ್ಲ. ನನಗೂ ಏನೂ ಆಗಲಿಲ್ಲ. ಊರ ಕಡೆಯ ದಡದಲ್ಲೇ ಕುಣಿ ತೋಡಿದರು. ಮಣ್ಣು ಹಾಕಬೇಕಾದ ಮಗ ನಾನೊಬ್ಬನೇ. ಆಚೆ ದಡದಿಂದ ಗೌಡರ ಹೆಸರು ಹಿಡಿದು ಕೂಗಿ, ಬರಲೇ ಎಂದು ಅಂಗಲಾಚಿದೆ.

"ಬ್ಯಾಡಪ್ಪ," ಅಂದರು ಗೌಡರು. "ಅಲ್ಲಿಂದಲೇ ಒಂದು ಹಿಡಿ ಹಾಕಿಬಿಡು. ಅವ್ವಗೆ ಮುಟ್ಟುತೈತೆ."

ನೀರಿಗಿಳಿದು ಬಂಡೆಯವರೆಗೆ ಹೋದೆ. ಹಿಡಿ ಮರಳು ತೆಗೆದುಕೊಂಡು ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಎಸೆದೆ. ಕುಣಿಯವರೆಗೆ ಹೋಗಲಿಲ್ಲ, ನಡುನೀರಲ್ಲೇ ಬಿತ್ತು. ಮತ್ತೆ ಎಸೆದೆ, ಮತ್ತೂ ಎಸೆದೆ. ಒಂದು ಹಿಡಿಯೂ ಅವ್ವನಿಗೆ ಮುಟ್ಟಲಿಲ್ಲ.